ಕೈಬಿಟ್ಟ ತಾಳ

ತುಂಗಭದ್ರೆಯ ದಂಡೆಯ ಮೇಲೆ ಕೋನೇರಿದಾಸರದೊಂದು ಭಜನಾಮಠ. ಏಕಾದಶಿ ಬಂತೆಂದರೆ ಅಲ್ಲಿ ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ ಭಜನೆ. ಹಾಡುವವರು ಬದಲಾಗಬಹುದು, ತಾಳ ಮಾತ್ರ ನಿಲ್ಲಬಾರದು. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುವಾಗಲೂ ಪೆಟ್ಟು ತಪ್ಪಬಾರದು. ಮಠಕ್ಕೆ ಅದೊಂದೇ ಕಟ್ಟಳೆ.

ತಾಳ ಹಿಡಿಯುವವರಲ್ಲಿ ಸೇತುಮಾಧವ ಹಿರಿಯ. ಗುರು ಕೋನೇರಿದಾಸರ ನಂತರ ಮಠ ಅವನದೇ ಎಂದು ಊರು ಹೇಳುತ್ತಿತ್ತು. ಅವನೂ ಹಾಗೆಯೇ ನಂಬಿದ್ದ.

ಆ ಸಲ ಕಿರಿಯ ಶಿಷ್ಯ ಮುಕುಂದ ಮುಂಬಯಿಯಿಂದ ಗೆಳೆಯರನ್ನು ಕರೆತಂದ. ಅವನು ಅಲ್ಲಿ ಜಾಝ್ ಸಂಗೀತ ಕಲಿಯುತ್ತಿದ್ದ. ಮಧ್ಯಾಹ್ನ ಒಂದು ತಾಸು ನಾವು ಹಾಡಬಹುದೇ ಎಂದು ಕೇಳಿದ. ಗುರುಗಳು ಹೂಂ ಎಂದರು.

ಸೇತುಮಾಧವನಿಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು. ಆದರೂ ಹಲ್ಲು ಕಚ್ಚಿ ತಾಳ ಹಿಡಿದು ಕುಳಿತ.

ಗಿಟಾರು, ಡ್ರಮ್ಮು, ಸ್ಯಾಕ್ಸೊಫೋನು ಒಳಗೆ ಬಂದವು. ಮುಕುಂದ ವಿಠಲನ ಹೆಸರನ್ನು ಪಾಪ್ ಹಾಡಿನಂತೆ ಎಳೆದೆಳೆದು ಹಾಡಿದ. ಸ್ಯಾಕ್ಸೊಫೋನಿನವನು ತಾಳದ ಪೆಟ್ಟಿಗೆ ಸರಿಯಾಗಿ ಬರಲೇ ಇಲ್ಲ. ಒಮ್ಮೆ ಪೆಟ್ಟು ದಾಟಿಸಿ ಬಂದ, ಇನ್ನೊಮ್ಮೆ ಮುಂಚೆಯೇ ಬಂದು ನಕ್ಕ. ಕೂತಿದ್ದ ಹುಡುಗರೆಲ್ಲ ಎದ್ದು ಕುಣಿಯತೊಡಗಿದರು.

ದೇವರ ಮುಂದೆ ಹೋಟೆಲ್ಲಿನ ಸಂಗೀತ! ಸೇತುಮಾಧವ ತಾಳವನ್ನು ನೆಲಕ್ಕೆ ಒಗೆದು ಎದ್ದುಹೋದ. ತಾಳವಿಲ್ಲದೆ ಅದೆಷ್ಟು ಹೊತ್ತು ಹಾಡುತ್ತಾರೋ ಹಾಡಲಿ, ತಾವಾಗಿಯೇ ಬಾಯಿ ಮುಚ್ಚುತ್ತಾರೆ ಎಂದುಕೊಂಡ.

ಹಾಡು ನಿಲ್ಲಲಿಲ್ಲ. ಅವನು ಹೋಗಿ ಕುಳಿತ ಹೊಳೆಯ ಮೆಟ್ಟಿಲಿಗೂ ಕೇಳಿಸಿತು. ಅವನ ಸಿಟ್ಟು ಇಮ್ಮಡಿಯಾಯಿತು.

ಮರುದಿನ ಭಜನೆ ಮುಗಿಸಿ ಗುರುಗಳು ಸ್ನಾನಕ್ಕೆ ಬಂದಾಗ ಸೇತುಮಾಧವ ಬಟ್ಟೆಯ ಗಂಟು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ.

"ಮಠದಾಗ ಅಂವ ಇರಬೇಕು, ಇಲ್ಲಾ ನಾ ಇರಬೇಕು," ಎಂದ.

"ಅಂವ ಇರ್ತಾನ," ಎಂದರು ಗುರುಗಳು, ನೀರಿಗೆ ಇಳಿಯುತ್ತ.

ಸೇತುಮಾಧವ ಒಂದು ಮೆಟ್ಟಿಲು ಇಳಿದ. ಇಷ್ಟು ವರ್ಷದ ಸೇವೆಗೆ ಇದೇ ಬೆಲೆಯೇ ಎಂದು ಕೇಳಿದ. ಮುಕುಂದ ದೇವರ ಹಾಡು ಕೆಡಿಸಿದ, ತಾನು ಮಠದ ಮಾನ ಉಳಿಸಲು ಎದ್ದುಬಂದೆ ಎಂದು ಒಂದೇ ಉಸಿರಿನಲ್ಲಿ ಹೇಳಿದ.

ಗುರುಗಳು ತಿರುಗಿದರು. ಅವರ ಮುಖ ಕೆಂಪೇರಿತ್ತು. ಅವರಿಗೆ ಸಿಟ್ಟು ಬಂದದ್ದನ್ನು ಸೇತುಮಾಧವ ಅದೇ ಮೊದಲು ನೋಡಿದ್ದು.

"ಅಂವ ಹಾಡ್ಯಾನ. ಭಜನಿ ಬಿಟ್ಟು ಎದ್ದಾಂವ ನೀನು. ತಾಳ ಯಾರ ಕೈಯಾಗ ಕೊಟ್ಟು ಬಂದಿ?"

ಅವನು ಯಾರ ಕೈಗೂ ಕೊಟ್ಟಿರಲಿಲ್ಲ. ಅದು ಕುಣಿಯುವವರ ಕಾಲಡಿ ಉರುಳಿ ಎಲ್ಲೋ ಹೋಗಿತ್ತು.

ಗುರುಗಳು ಎರಡೂ ಅಂಗೈ ಚಾಚಿದರು. ವಾತದಿಂದ ಮೊದಲೇ ಸೊಟ್ಟಗಾಗಿದ್ದ ಬೆರಳುಗಳು ಬಾತುಕೊಂಡಿದ್ದವು. ಅಂಗೈ ಕೆಂಪಗೆ ಕಂದಿತ್ತು, ಒಂದು ಕಡೆ ಚರ್ಮ ಒಡೆದಿತ್ತು. ಅವನು ಎದ್ದಮೇಲೆ ಆ ತಾಸು ಮುಗಿಯುವವರೆಗೆ ಮುದುಕ ಬರಿಗೈ ತಟ್ಟಿ ತಾಳ ಹಾಕಿದ್ದ.

ಸೇತುಮಾಧವನಿಗೆ ನಾಚಿಕೆಯಾಯಿತು. ಆದರೆ ಸಿಟ್ಟು ಸುಲಭಕ್ಕೆ ಇಳಿಯುವಂಥದ್ದಲ್ಲ, ಅದರಲ್ಲಿ ಇನ್ನೂ ಕೊನೆಯದೊಂದು ಮಾತು ಉಳಿದಿತ್ತು.

"ಅಷ್ಟು ಸೇರಿತೇನು ನಿಮಗ, ಆ ಗದ್ದಲ?"

ಗುರುಗಳು ನೋಯುವ ಕೈಗಳನ್ನು ನೀರಿನಲ್ಲಿ ಅದ್ದಿದರು.

"ಇಲ್ಲಪಾ, ನನಗೂ ಸೇರಲಿಲ್ಲ. ಆದರ ಅವರು ನನಗಂತ ಎಲ್ಲಿ ಹಾಡಿದ್ರು?"