ಅರೆಹೆಸರಿನ ಗುಡ್ಡ

ನೈಲ್ ನದಿಯ ಪಡುವಣ ದಡದಲ್ಲಿ, ಹೊಲದ ಹಸಿರು ಮುಗಿದು ಮರಳು ಶುರುವಾಗುವ ಕಡೆ ಒಂದು ಬೋಳು ಗುಡ್ಡವಿದೆ. ಅಲ್ಲಿಯವರು ಕರೆಯುವ ಹೆಸರನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಅರೆಹೆಸರಿನ ಗುಡ್ಡ. ಅದರ ಹೊಟ್ಟೆಯಲ್ಲಿ ಕೊರೆದ ಸಮಾಧಿಯ ಗೋಡೆಯ ಮೇಲೆ, ರೊಟ್ಟಿ ಪೇರಿಸಿದ ಎಡೆಯ ಮುಂದೆ ಮುದುಕನೊಬ್ಬ ಕೂತಿದ್ದಾನೆ. ತಲೆಯ ಮೇಲೆ ಬರೆದ ಅವನ ಹೆಸರಿನಲ್ಲಿ ಅರ್ಧವಷ್ಟೇ ಉಳಿದಿದೆ. ಮಿಕ್ಕರ್ಧದ ಜಾಗ ಬೊಗಸೆ ಹಿಡಿಯುವಂಥ ಕುಳಿ.

ಹಿಂದೆ ಒಮ್ಮೆ ಆ ಗುಡ್ಡದ ಬುಡದಲ್ಲಿ ಕಲ್ಲುಕೆತ್ತುವವರ ಕೇರಿಯಿತ್ತು. ಅಲ್ಲಿಯ ಪಶೇದು, ತನ್ನ ಅಪ್ಪ ಅಮೆನ್‌ಮೋಸೆ ಸತ್ತಾಗ ಈ ಚಿತ್ರವನ್ನು ತಾನೇ ಕೆತ್ತಿದ. ಹೆಸರು ಇರುವ ತನಕ ಸತ್ತವನು ಉಣ್ಣುತ್ತಾನೆ, ಹೆಸರಳಿದರೆ ಎರಡನೆಯ ಸಲ ಸಾಯುತ್ತಾನೆ ಎಂಬುದು ಆ ಜನರ ನಂಬಿಕೆ. ಅದಕ್ಕೇ ಚಿತ್ರದ ಕೆಳಗೆ, ಅವರ ವಾಡಿಕೆಯಂತೆ, ‘ಇವನ ಹೆಸರು ಉಳಿಸಿದವನು ಇವನ ಮಗ ಪಶೇದು’ ಎಂದೂ ಬರೆದ. ಅಷ್ಟರಲ್ಲಿ ಹೊಸ ಅರಸ ಪಟ್ಟಕ್ಕೆ ಬಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ, ಅಮೆನ್ ದೇವರ ಪೂಜಾರಿಗಳು ಅರಸನನ್ನೇ ಲೆಕ್ಕಕ್ಕಿಡದಷ್ಟು ಕೊಬ್ಬಿದ್ದರಂತೆ. ಅರಸ ಸೂರ್ಯನೊಬ್ಬನೇ ದೇವರೆಂದು ಸಾರಿದ. ಅಮೆನ್ ಎಂಬ ಹೆಸರು ಎಲ್ಲಿ ಕಂಡರೂ ಕೆತ್ತಿ ತೆಗೆಯಿರಿ ಎಂದ. ಮುನಿಸು ಪೂಜಾರಿಗಳ ಮೇಲೆ, ಏಟು ಬಿದ್ದದ್ದು ಕಲ್ಲಿಗೆ.

ಗುಡ್ಡದ ಸಮಾಧಿಗಳಲ್ಲಿ ಅಳಿಸುವ ಕೆಲಸ ಈ ಕೇರಿಯವರಿಗೇ ಬಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಹಪು ಒಳ್ಳೆಯವನು. ನಿಮ್ಮಪ್ಪನ ಸಮಾಧಿಯ ಕಡೆ ನಾನು ಬರುವುದಿಲ್ಲ, ನನಗೆ ಕಣ್ಣೂ ಮಂಜು ಎಂದು ಹೇಳಿ ಪಶೇದುವಿಗೆ ದಾರಿ ಬಿಟ್ಟುಕೊಟ್ಟ. ಆದರೆ ಪಶೇದುವಿಗೆ ಅರಮನೆಯ ಕೆಲಸದ ಆಸೆ. ಬೇರೆಯವರ ಹೆಸರುಗಳನ್ನು ಮೇಲೆಮೇಲೆ ಕೆರೆದವನು, ತನ್ನ ರಾಜಭಕ್ತಿ ನಾಲ್ಕು ಜನಕ್ಕೆ ಕಾಣಲೆಂದು ಅಪ್ಪನ ಹೆಸರಿಗೆ ಮಾತ್ರ ಉಳಿಯನ್ನು ಆಳಕ್ಕೆ ಇಳಿಸಿದ. ಅಮೆನ್‌ಮೋಸೆ ಎಂದರೆ ಅಮೆನ್ನನಿಗೆ ಹುಟ್ಟಿದವನು. ಅಮೆನ್ ಹೋಯಿತು, ‘ಹುಟ್ಟಿದವನು’ ಎಂಬುದಷ್ಟೇ ಗೋಡೆಯ ಮೇಲೆ ಉಳಿಯಿತು. ಎಡೆಯಿಡಲು ಹೋದ ತಾಯಿ ಮೆರಿತ್ ಅದನ್ನು ನೋಡಿ ಬಂದಳು. ಬೈಯಲಿಲ್ಲ.

“ನಿಮ್ಮಪ್ಪ ಯಾರಿಗೆ ಹುಟ್ಟಿದ ಅಂತ ಜನ ಕೇಳೋ ಹಾಗೆ ಮಾಡಿದೆಯಲ್ಲೋ, ಮಗನೆ,” ಎಂದಳು.

ಪಶೇದು ನಾಚಿಕೆಯಿಂದ ಕುಗ್ಗಿಹೋದ. ಉಣ್ಣಲು ಕೂತರೆ, ಎಡೆಯ ಮುಂದೆ ಹಸಿದು ಕೂತ ಅಪ್ಪನೇ ಕಣ್ಣಿಗೆ ಕಟ್ಟುತ್ತಿದ್ದ. ಕೆಲವು ವರ್ಷಗಳಲ್ಲಿ ಆ ಅರಸ ತೀರಿಕೊಂಡ, ಹಳೆಯ ದೇವರು ಮರಳಿದ, ಅಳಿಸಿದ್ದನ್ನೆಲ್ಲ ಮತ್ತೆ ಕೆತ್ತಿರಿ ಎಂದು ಅಪ್ಪಣೆಯಾಯಿತು. ಮೇಲೆಮೇಲೆ ಕೆರೆದಿದ್ದ ಹೆಸರುಗಳೆಲ್ಲ ಸರಿಹೋದವು. ಅಪ್ಪನ ಹೆಸರಿಗೆ ಮಾತ್ರ ಕೆತ್ತಲು ಕಲ್ಲೇ ಉಳಿದಿರಲಿಲ್ಲ. ಗಾರೆ ಮೆತ್ತಿ ಬರೆದ, ಒಣಗಿ ಉದುರಿತು. ಮತ್ತೆ ಮೆತ್ತಿದ, ಮತ್ತೆ ಉದುರಿತು. ಕೊನೆಗೊಂದು ದಿನ ಗಾರೆಯ ಬುಟ್ಟಿಯನ್ನು ಮನೆಯಲ್ಲೇ ಬಿಟ್ಟು, ಉಳಿಯೊಂದನ್ನೇ ಹಿಡಿದು ಗುಡ್ಡ ಹತ್ತಿದ ಎನ್ನುತ್ತಾರೆ.

ಇಂದಿಗೂ ನೋಡಹೋದವರಿಗೆ ಆ ಗೋಡೆಯಲ್ಲಿ ಎರಡು ಕುಳಿಗಳು ಕಾಣುತ್ತವೆ. ಮೇಲಿನದು ಅರಸನ ಅಪ್ಪಣೆಯದು. ಕೆಳಗಿನ ಸಾಲು ‘ಇವನ ಹೆಸರು ಉಳಿಸಿದವನು ಇವನ ಮಗ’ ಎಂಬಲ್ಲಿಗೆ ನಿಂತು, ಮುಂದೆ ಬರಿಯ ಕುಳಿ. ಅದನ್ನು ತೋಡಲು ಯಾವ ಅರಸನೂ ಹೇಳಿರಲಿಲ್ಲ.