ಪೆಕಾನ್ ಮರ ಉಪವಾಸ ಕೂತ ವರ್ಷ

ಭೂಮಿಯ ಮಣ್ಣು ಇನ್ನೂ ಹಸಿ ಹಸಿ ಇದ್ದ ಕಾಲ ಅದು. ಹೊಳೆಗೆ ತನ್ನ ದಾರಿಯೇ ಸರಿಯಾಗಿ ಗೊತ್ತಿರಲಿಲ್ಲ, ಕಂಡಕಂಡವರನ್ನು ನಿಲ್ಲಿಸಿ ಕೇಳುತ್ತಿತ್ತು. ಆ ಹೊಳೆಯ ದಂಡೆಯಲ್ಲಿ ಪೆಕಾನ್ ಮರಗಳ ತೋಪೊಂದಿತ್ತು. ಪೆಕಾನ್ ಅಂದರೆ ಅಕ್ರೋಟಿನ ತಂಗಿ ಅಂದುಕೋ. ಗಟ್ಟಿ ಓಡು, ಒಳಗೆ ಬೆಣ್ಣೆಯಂಥ ತಿರುಳು.

ತೋಪು ನೋಡಿಕೊಳ್ಳುತ್ತಿದ್ದವಳು ಕೆಂಚವ್ವ. ಕೆಲಸದಲ್ಲಿ ಬಲು ಅಚ್ಚುಕಟ್ಟು. ಆಗ ಮರಗಳು ವರ್ಷ ವರ್ಷವೂ ಕಾಯಿ ಬಿಡುತ್ತಿದ್ದವು. ಸಿಪ್ಪೆ ಬಿರಿದು ಬೀಜ ಟಪ್ಪೆಂದು ಬಿದ್ದದ್ದೇ ತಡ, ಕೆಂಚವ್ವ ಹೆಕ್ಕಿ ಬುಟ್ಟಿಗೆ ಹಾಕುವಳು. ಎಲೆಯಡಿ ಅಡಗಿದ್ದನ್ನೂ ಬಿಡಳು. ಅವಳ ಕಣ್ಣು ತಪ್ಪಿಸಿದ್ದು ಅಳಿಲಿನ ಹೊಟ್ಟೆಗೆ. ತೋಪಿನ ನೆಲ ಸಾರಿಸಿದ ಅಂಗಳದ ಹಾಗಿರುತ್ತಿತ್ತು, ಅದೇ ಅವಳ ಜಂಬ.

ಒಂದು ದಿನ ತೋಪಿಗೆಲ್ಲ ಹಿರಿಯಳಾದ ಮರ ಕೇಳಿತು, “ಕೆಂಚವ್ವಾ, ಇಷ್ಟು ವರ್ಷ ಬೀಜ ಉದುರಿಸಿದೆನಲ್ಲ, ನನ್ನ ಮಕ್ಕಳೆಲ್ಲಿ?”

ಕೆಂಚವ್ವ ಸುತ್ತ ನೋಡಿದಳು. ತೋಪಿನಲ್ಲಿ ಹುಡುಕಿದರೂ ಒಂದು ಎಳೆ ಗಿಡವಿಲ್ಲ. ಇರುವವೆಲ್ಲ ಮುದಿ ಮರಗಳು, ಇವು ಬಿದ್ದರೆ ತೋಪೇ ಇಲ್ಲ. ಅಂದಿನಿಂದ ಒಂದು ಪಾಲನ್ನು ನೆಲಕ್ಕೇ ಬಿಟ್ಟಳು. ಬಿಟ್ಟದ್ದನ್ನು ಅಳಿಲುಗಳು ಅವಳ ಕಣ್ಣೆದುರೇ ತಿಂದು ಮೀಸೆ ಒರೆಸಿಕೊಂಡವು.

ಆಗ ಹಿರಿಮರ ಗಾಳಿಯನ್ನು ಕರೆದು ಏನೋ ಗುಟ್ಟು ಹೇಳಿತು. ಗಾಳಿ ಮರದಿಂದ ಮರಕ್ಕೆ ಹೋಗಿ ಪಿಸುಗುಟ್ಟಿತು. ಮರುವರ್ಷ ಯಾವ ಮರವೂ ಕಾಯಿ ಬಿಡಲಿಲ್ಲ.

ಅಳಿಲುಗಳು ಹಸಿವು ತಾಳದೆ ಗುಂಪು ಗುಂಪಾಗಿ ಬೆಟ್ಟ ದಾಟಿ ಹೋದವು. ಕೆಂಚವ್ವನಿಗೆ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿಯಾಯಿತು. ಸಿಟ್ಟು ನೆತ್ತಿಗೇರಿ ಕೊಡಲಿ ಹಿಡಿದು ಬಂದಳು. ಕಾಯಿ ಬಿಡದ ಮರ ಇದ್ದರೇನು ಹೋದರೇನು ಎಂದು ಬಾಯಿಗೆ ಬಂದ ಹಾಗೆ ಬೈದು, ಕೊಡಲಿ ಎತ್ತಿಯೂ ಬಿಟ್ಟಳು.

“ಇದೊಂದು ವರ್ಷ ನನ್ನ ಜೊತೆ ಹಸಿದಿರು, ಕೆಂಚವ್ವಾ,” ಅಂದಿತು ಮರ. “ನಾನೂ ತಾಯಿಯಾಗಬೇಕು.”

ಎತ್ತಿದ ಕೈ ಇಳಿಯಿತು. ತಾಳಿದವನು ಬಾಳಿಯಾನು ಎಂದುಕೊಂಡು ಕೆಂಚವ್ವ ಗೆಡ್ಡೆಗೆಣಸು ಅಗೆದು ತಿಂದು ಕಾದಳು.

ಅದರ ಮುಂದಿನ ವರ್ಷ, ಅಬ್ಬಬ್ಬಾ, ಏನು ಹೇಳಲಿ! ಎಲ್ಲ ಮರಗಳೂ ಒಟ್ಟಿಗೇ ಕಾಯಿ ಹೊತ್ತು ಬಾಗಿದವು. ಸಿಪ್ಪೆಗಳು ನಾಲ್ಕು ಹೋಳಾಗಿ ಬಿರಿದು ಬೀಜ ಆಲಿಕಲ್ಲಿನ ಹಾಗೆ ಸುರಿಯಿತು. ಹೊಳೆ ಹರಿಯುವುದನ್ನೇ ಮರೆತು ನಿಂತು ನೋಡಿತು. ಕೆಂಚವ್ವ ಬುಟ್ಟಿ ತುಂಬಿದಳು, ಮಡಿಲು ತುಂಬಿದಳು, ಕಡೆಗೆ ಕೈಮುಗಿದು ಸುಮ್ಮನೆ ಕೂತುಬಿಟ್ಟಳು. ಉಳಿದಿದ್ದ ನಾಲ್ಕಾರು ಅಳಿಲುಗಳು ತಿಂದವು, ತಿಂದವು, ಇನ್ನಾಗದು ಎನ್ನಿಸಿ ಮಿಕ್ಕಿದ್ದನ್ನು ಮಣ್ಣಲ್ಲಿ ಹೂತಿಟ್ಟವು. ಎಲ್ಲಿ ಹೂತೆವು ಎಂಬುದನ್ನು ಮರೆತೂಬಿಟ್ಟವು. ಅಳಿಲಿನ ತಲೆ ಎಷ್ಟಿದ್ದೀತು ಪಾಪ.

ಮಳೆ ಬಂತು. ಹಿರಿಮರದ ಬುಡದಲ್ಲಿ ಬೆರಳುದ್ದದ ಮೊಳಕೆಯೊಂದು ಮಣ್ಣು ಸೀಳಿ ತಲೆಯೆತ್ತಿತು. ಅದರ ಪಕ್ಕ ಇನ್ನೊಂದು. ಹೊಳೆಯ ಅಂಚಿನವರೆಗೂ ಮೊಳಕೆಯೋ ಮೊಳಕೆ. ಕಾಲಿಡಲು ಜಾಗವಿಲ್ಲದೆ ಕೆಂಚವ್ವ ತುದಿಗಾಲಲ್ಲಿ ನಿಂತು ಮರವನ್ನು ತಬ್ಬಿಕೊಂಡಳು. ಅವಳಿಗೆ ಅಳು ಬಂದಿತ್ತು.

“ನೋಡವ್ವಾ, ನಿನ್ನ ಮಕ್ಕಳು,” ಅಂದಳು.

ಮರ ಕೊಂಬೆ ಬಗ್ಗಿಸಿ ಒಂದೊಂದನ್ನೇ ಮುಟ್ಟಿ ನೋಡಿತು.

ಗಾಳಿಯ ಹೊಟ್ಟೆಯಲ್ಲಿ ಗುಟ್ಟು ನಿಲ್ಲುತ್ತದೆಯೇ? ಊರೂರಿಗೆ ಹೇಳಿತು, ನಮ್ಮ ಮಾವಿನ ಕಿವಿಗೂ ಬಿತ್ತು. ಅದಕ್ಕೇ ಮಗೂ, ಹೋದ ವರ್ಷ ಕೊಂಬೆ ಮುರಿಯುವಷ್ಟು ಕಾಯಿ ಬಿಟ್ಟ ನಮ್ಮ ಹಿತ್ತಲ ಮಾವು ಈ ವರ್ಷ ಬರಿಗೈಯಲ್ಲಿ ನಿಂತಿದ್ದರೆ ಬೈಯಬೇಡ, ಅದು ತನ್ನ ಮಕ್ಕಳಿಗೋಸ್ಕರ ಉಪವಾಸ ಕೂತಿದೆ.