ಕೊಡದ ಹಾಲಿನ ಫಲಿತಾಂಶ

“ಇಪ್ಪತ್ತು ವರ್ಷ ಹುಡುಕಿದರೂ ಏನೂ ಸಿಗದ ಕಡೆ ಮತ್ತೆ ಮತ್ತೆ ಹುಡುಕುವುದು ಯಾತಕ್ಕೆ ಮೇಷ್ಟ್ರೇ?” ಎಂದು ಸುಗುಣಾ ಕೇಳಿದಳು.

ಅವಳು ಅಣುವಿದ್ಯುತ್ ಸ್ಥಾವರದ ಪ್ರಯೋಗಾಲಯಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಸುತ್ತಲಿನ ಊರುಗಳಿಂದ ನೀರು, ಮೀನು, ಸೊಪ್ಪು, ಹಾಲು ತಂದು, ಅದರಲ್ಲಿ ವಿಕಿರಣ ಸೂಸುವ ವಸ್ತುವೇನಾದರೂ ಬೆರೆತಿದೆಯೇ ಎಂದು ನೋಡುವುದು ಅವಳ ಕೆಲಸ. ಒಂದು ಸಲವೂ ಏನೂ ಸಿಕ್ಕಿರಲಿಲ್ಲ. ಅವಳಿಗೆ ಬೇಸರ ಬಂದಿತ್ತು.

ರುದ್ರಯ್ಯ ಮೇಷ್ಟ್ರು ಅದೇ ಕೆಲಸವನ್ನು ಎಷ್ಟೋ ಜನಕ್ಕೆ ಕಲಿಸಿ ನಿವೃತ್ತರಾದವರು. “ಅಯ್ಯೋ, ಎಂಟೇ ತಿಂಗಳಿಗೆ ಸುಸ್ತಾದೆಯಾ ತಾಯಿ? ಕೂತುಕೋ, ಒಂದು ಕತೆ ಹೇಳುತ್ತೇನೆ” ಎಂದು ನಕ್ಕರು.

ಒಂದು ಸ್ಥಾವರದಲ್ಲಿ ಒಬ್ಬ ನೌಕರನಿದ್ದ. ಪ್ರತಿ ಮಂಗಳವಾರ ಹಳ್ಳಿಗಳಿಗೆ ಹೋಗಿ ಹಾಲು ತರುವುದು, ಅದನ್ನು ಯಂತ್ರದಲ್ಲಿಟ್ಟು ನೋಡುವುದು, ಬಂದ ಅಂಕಿಯನ್ನು ಬರೆಯುವುದು ಅವನ ಕೆಲಸ. ಆ ಅಂಕಿ ಪಂಚಾಯಿತಿ ಬೋರ್ಡಿನ ಮೇಲೂ ಬರುತ್ತಿತ್ತು.

ಅವನು ಹೋಗುವ ಕೊನೆಯ ಮನೆ ಒಬ್ಬ ಮುದುಕಿಯದು. ಮನೆಯಲ್ಲಿ ಮಗ, ಸೊಸೆ, ಎರಡು ವರ್ಷದ ಮೊಮ್ಮಗಳು, ಒಂದು ಹಸು. ಸ್ಥಾವರದ ಕರೆಂಟಿನಿಂದಲೇ ಆ ಮನೆಯ ದೀಪ ಉರಿಯುತ್ತಿತ್ತು. ಆದರೂ ಸ್ಥಾವರವೆಂದರೆ ಮುದುಕಿಗೆ ಒಳಗೊಳಗೇ ದಿಗಿಲು. ಕಣ್ಣಿಗೆ ಕಾಣದ್ದಕ್ಕೆ ಯಾರು ತಾನೇ ಹೆದರುವುದಿಲ್ಲ? ಗೋಡೆ ಎಷ್ಟು ದಪ್ಪ, ಏನಾದರೂ ಹೆಚ್ಚುಕಡಿಮೆಯಾದರೆ ಒಳಗಿನ ಕ್ರಿಯೆ ತಾನಾಗಿ ನಿಲ್ಲುವುದು ಹೇಗೆ ಎಂದೆಲ್ಲ ಅವನು ಬಿಡಿಸಿ ಹೇಳಿದ್ದ. ಎಲ್ಲ ಕೇಳಿ ಅವಳು, “ಅದೆಲ್ಲ ನನಗೆ ತಿಳಿಯುವುದಿಲ್ಲ ಮಗಾ. ಮೊದಲು ನೀನು ಕುಡಿ” ಎಂದಿದ್ದಳು.

ಅಂದಿನಿಂದ ಅದೇ ರೂಢಿಯಾಯಿತು. ಮೊದಲು ಅವನಿಗೆ ಒಂದು ಲೋಟ, ಆಮೇಲೆ ಅವನ ಕ್ಯಾನಿಗೆ, ಆಮೇಲೆ ಮಗುವಿಗೆ. ಮಂಗಳವಾರ ಅವನು ಕುಡಿದು ಹೋದನೆಂದರೆ ಆ ವಾರವೆಲ್ಲ ಮುದುಕಿಗೆ ನಿಶ್ಚಿಂತೆ.

ಒಂದು ಮಂಗಳವಾರ ದಾರಿಯಲ್ಲಿ ಜೀಪು ಕೆಟ್ಟಿತು. ಸರಿಯಾಗುವಷ್ಟರಲ್ಲಿ ಹೊತ್ತು ಇಳಿದಿತ್ತು. ಉಳಿದದ್ದು ಅದೊಂದೇ ಮನೆ. ‘ಎಷ್ಟು ವರ್ಷದಿಂದ ಅದೇ ಅಂಕಿ! ಇವತ್ತೇನು ಬೇರೆ ಬಂದೀತು?’ ಎಂದುಕೊಂಡು ಹಿಂದಿರುಗಿದ. ಮುದುಕಿಯ ಹೆಸರಿನ ಮುಂದೆ ಹಿಂದಿನ ವಾರದ ಅಂಕಿಯನ್ನೇ ಬರೆದುಬಿಟ್ಟ. ಕೆಟ್ಟವನೇನಲ್ಲ, ಪಾಪ. ಮಾಡಿ ಮಾಡಿ ಸಲೀಸಾದ ಕೆಲಸದಲ್ಲಿ ಹೀಗಾಗುತ್ತದೆ.

ಶುಕ್ರವಾರ ಅವನಿಗೆ ಗೇಟಿನಿಂದ ಕರೆ ಬಂತು. ಹೋಗಿ ನೋಡಿದರೆ ಮುದುಕಿ ನಿಂತಿದ್ದಾಳೆ, ಕೈಯಲ್ಲಿ ಹಾಲಿನ ತಂಬಿಗೆ. ಬಿಸಿಲಲ್ಲಿ ಐದು ಮೈಲಿ ನಡೆದು ಬಂದಿದ್ದಳು.

“ನಮ್ಮ ಹಾಲು ಚೆನ್ನಾಗಿದೆಯೆಂದು ಬೋರ್ಡಿನ ಮೇಲೆ ಬಂದಿದೆಯಂತೆ, ಸೊಸೆ ಓದಿ ಹೇಳಿದಳು. ನಾನು ಹಾಲೇ ಕೊಟ್ಟಿಲ್ಲವಲ್ಲ ಮಗಾ! ನಿನಗೆ ಹುಷಾರಿರಲಿಲ್ಲವೇನೋ, ಬೇರೆ ಯಾರೋ ಬರೆದರೇನೋ ಅಂದುಕೊಂಡೆ. ನೀನು ಬರದೆ ಮಗುವಿಗೆ ಹಾಲು ಕೊಡಲು ನನಗೆ ಧೈರ್ಯ ಬರಲಿಲ್ಲ. ಮೂರು ದಿನದಿಂದ ಗಂಜಿ ಕುಡಿಸುತ್ತಿದ್ದೇನೆ. ಹಾಲು ಬೇಕೆಂದು ಒಂದೇ ಅಳು.”

ಹೀಗೆನ್ನುತ್ತ ಅವನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬಂತು.

“ಬೇರೆ ಯಾರೂ ಅಲ್ಲ ಅವ್ವಾ. ನಾನೇ ಬರೆದೆ. ನೋಡದೆ ಬರೆದೆ.”

ಮುದುಕಿ ತಂಬಿಗೆಯನ್ನು ಅವನ ಕೈಗಿಟ್ಟು, “ಹಾಗಾದರೆ ಈಗ ನೋಡು. ನಾನು ಇಲ್ಲೇ ಕೂತಿರುತ್ತೇನೆ” ಎಂದಳು.

ಅವನು ನೇರವಾಗಿ ಮುಖ್ಯಸ್ಥರ ಬಳಿ ಹೋಗಿ ನಡೆದದ್ದನ್ನು ಹೇಳಿದ. ಅವರು ಆ ಅಂಕಿಗೆ ಗೆರೆ ಎಳೆಸಿದರು, ಬೋರ್ಡಿನ ಮೇಲೆ ತಪ್ಪೊಪ್ಪಿಗೆ ಹಾಕಿಸಿದರು. ಕೆಲಸ ಹೋದರೂ ಹೋಗಬಹುದಿತ್ತು. ಅದು ಆಗ ಅವನ ತಲೆಯಲ್ಲೇ ಇರಲಿಲ್ಲ. ಹಾಲನ್ನು ಯಂತ್ರದಲ್ಲಿಟ್ಟ. ಅಂಕಿ ಬರಲು ಗಂಟೆಗಟ್ಟಲೆ ಬೇಕು. ಬೇರೆ ದಿನವಾಗಿದ್ದರೆ ಚಹಾ ಕುಡಿಯಲು ಹೋಗುತ್ತಿದ್ದ. ಅಂದು ಕುರ್ಚಿ ಬಿಟ್ಟು ಏಳಲಿಲ್ಲ. ‘ಅಕಸ್ಮಾತ್ ಈ ವಾರವೇ ಏನಾದರೂ ಇದ್ದರೆ? ಆ ಮಗುವಿನ ಗತಿ?’ ಎಂದು ಯಂತ್ರವನ್ನೇ ನೋಡುತ್ತ ಕೂತಿದ್ದ. ಗೇಟಿನ ಹೊರಗೆ ಮುದುಕಿ ಕಾಯುತ್ತಲೇ ಇದ್ದಳು. ಸಂಜೆ ಹೊತ್ತಿಗೆ ಅಂಕಿ ಬಂತು.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿ ನೀರು ಕುಡಿಯತೊಡಗಿದರು.

“ಏನು ಬಂತು? ಬೇಗ ಹೇಳಿ ಮೇಷ್ಟ್ರೇ!” ಸುಗುಣಾ ಕೂತಲ್ಲಿಂದ ಅರ್ಧ ಎದ್ದಿದ್ದಳು.

“ಏನೂ ಇರಲಿಲ್ಲ.”

“ಅಬ್ಬಾ, ಸದ್ಯ!” ಎಂದು ಅವಳು ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟಳು.

ಮೇಷ್ಟ್ರು ಅವಳ ಮುಖವನ್ನೇ ನೋಡುತ್ತ ಹೇಳಿದರು: “ಈಗ ಬಿಟ್ಟೆಯಲ್ಲ ತಾಯಿ, ಆ ಉಸಿರನ್ನೇ ನೀನು ವಾರವಾರವೂ ಆ ಹಳ್ಳಿಯವರ ಮನೆಗಳಿಗೆ ಮುಟ್ಟಿಸಿ ಬರುತ್ತಿರುವುದು.”